ಬಾಗಿಲ ಹಿಂದಿನ ಸಾಲು

ಹೋಗಬಾರದು ಎಂದು ವನಜಾಕ್ಷಿ ಬೆಳಿಗ್ಗೆಯಿಂದ ಅಂದುಕೊಳ್ಳುತ್ತಲೇ ಇದ್ದಳು. ಅಂದುಕೊಳ್ಳುತ್ತಲೇ ತಲೆಗೆ ನೀರು ಹಾಕಿಕೊಂಡಳು, ಅಂದುಕೊಳ್ಳುತ್ತಲೇ ಹಸಿರು ರೇಷ್ಮೆ ಸೀರೆಯನ್ನು ಟ್ರಂಕಿನಿಂದ ತೆಗೆದು ಮಂಚದ ಮೇಲೆ ಹರವಿದಳು. ಹೊಲಿಗೆ ಮಿಷನ್ನಿನ ಮೇಲೆ ಯಾರದೋ ಮದುವೆಯ ರವಿಕೆ ತೋಳಿಲ್ಲದೆ ಬಿದ್ದಿತ್ತು, ಅದರ ಪಕ್ಕದಲ್ಲಿ ಆ ಪಾಸು. ಒಂದು ಮೂಲೆಯಲ್ಲಿ ಕಿರೀಟ ಇಟ್ಟ ಕನಕರಾಜು, ಇನ್ನೊಂದು ಮೂಲೆಯಲ್ಲಿ ಅದೇ ಕನಕರಾಜು ಬಿಳಿ ಅಂಗಿಯಲ್ಲಿ ಕೈ ಮುಗಿದುಕೊಂಡು, ನಡುವೆ ಕೆಂಪಕ್ಷರದಲ್ಲಿ 'ಕಂಬಳಿ ದೊರೆ, ಸಂಗೀತ ನಾಟಕ, ಬೆಂಗಳೂರಿನಿಂದ ನೇರಪ್ರಸಾರ, ನಿಮ್ಮ ರಾಮನಗರದ ಟಾಕೀಸಿನ ತೆರೆಯ ಮೇಲೆ'. ಕಿರೀಟದ ಪಕ್ಕ ಒಂದು ಹುಡುಗಿ. ನಯನಾ ಅಂತೆ, ಧಾರಾವಾಹಿಯವಳಂತೆ. ಇಪ್ಪತ್ತು ವರ್ಷ ಆ ಕಿರೀಟದ ಪಕ್ಕ ಇದ್ದದ್ದು ಯಾರ ಮುಖ? ಮಾಗಡಿ ಕಡೆಯ ಹಳ್ಳಿಗಳಲ್ಲಿ, ಕನಕಪುರದ ಕಡೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಗೋಡೆಗಳ ಮೇಲೆ, ಮಳೆಗೆ ನೆಂದು ಬಿಸಿಲಿಗೆ ಸುಲಿದು ಹೋಗುವವರೆಗೂ ಅಂಟಿಕೊಂಡಿದ್ದದ್ದು ಯಾರ ಮುಖ? ಪಾಸು ತಂದುಕೊಟ್ಟವನು ಕನಕರಾಜುವಿನ ಬಲಗೈ ಚಿಕ್ಕರಾಜು. 'ಅಣ್ಣ ಹೇಳವ್ರೆ ಕಣಕ್ಕ, ವನಜಾಕ್ಷಕ್ಕನ್ನ ಮುಂದ್ಲ ಸಾಲಲ್ಲೇ ಕುಂಡ್ರುಸು ಅಂತ. ನಿಂಗೆ ಅಂತ್ಲೇ ಸಪ್ರೇಟಾಗಿ ಹೇಳವ್ರೆ' ಎಂದು ಹಲ್ಲು ಕಿರಿದಿದ್ದ. ಆಹಾ, ಏನು ಮರ್ಯಾದೆ! ಇವಳ ಪಾರ್ಟನ್ನು ಕಿತ್ತುಕೊಂಡು ಇನ್ನೊಬ್ಬಳಿಗೆ ಕೊಟ್ಟು, ಅದನ್ನು ನೋಡುವುದಕ್ಕೆ ಫುಕ್ಕಟೆ ಸೀಟು. ಅವಳು ಕನ್ನಡಿಯ ಮುಂದೆ ನಿಂತು ಕುಂಕುಮ ಇಟ್ಟುಕೊಂಡಳು, ಸ್ಟೇಜಿಗೆ ಇಟ್ಟುಕೊಳ್ಳುವಷ್ಟು ಅಗಲಕ್ಕೆ ಇಟ್ಟುಕೊಂಡು, ನಾಚಿಕೆಯಾಗಿ ಒರೆಸಿ, ಚಿಕ್ಕದು ಇಟ್ಟುಕೊಂಡಳು.

ಒಬ್ಬಳೇ ಹೋಗಲು ಧೈರ್ಯ ಸಾಲದೆ ಪಕ್ಕದ ಮನೆಯ ತಾಹೇರಾಳನ್ನು ಎಬ್ಬಿಸಿಕೊಂಡು ಹೊರಟಳು. ಭಾನುವಾರವಾದ್ದರಿಂದ ತಾಹೇರಾಳ ರೇಷ್ಮೆ ರೀಲಿಂಗ್ ಕೆಲಸಕ್ಕೆ ರಜೆ, ಆದರೂ ಅವಳ ಬೆರಳುಗಳಿಂದ ಬೇಯಿಸಿದ ಗೂಡಿನ ವಾಸನೆ ಹೋಗಿರಲಿಲ್ಲ. 'ಅಕ್ಕ, ನೀನೇ ಮಾಡ್ತಿದ್ದ ನಾಟಕ ಅಲ್ವಾ ಇದು? ನೀನ್ಯಾಕೆ ಇಲ್ಲ ಇದ್ರಲ್ಲಿ?' ಎಂದು ದಾರಿಯಲ್ಲಿ ಕೇಳಿದಳು. 'ನಂಗೆ ಬೆಂಗ್ಳೂರವರೆಗೂ ಹೋಗಕ್ ಆಗಲ್ಲ ಅಂದ್ಬುಟ್ಟೆ' ಎಂದಳು ವನಜಾಕ್ಷಿ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಮೈ ಉರಿಯಿತು. ಅವನ ಮಾನ ಉಳಿಸುವುದು ನಾಲಿಗೆಗೆ ಹಾಗೆ ರೂಢಿಯಾಗಿ ಹೋಗಿತ್ತು.

ಟಾಕೀಸಿನ ಮುಂದೆ ಕಟೌಟಿಗೆ ಹಾರ ಬಿದ್ದಿತ್ತು. ಕೈಲಾಂಚದಿಂದ ಟೆಂಪೋಗಳಲ್ಲಿ ಜನ ಬಂದಿಳಿಯುತ್ತಿದ್ದರು, ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಕನಕರಾಜು ಕಳಿಸುವ ಆಳುಗಳು ಬೇರೆ ಒಂದು ಬಸ್ಸು. ಮುಂದಿನ ಎಲೆಕ್ಷನ್ನಿಗೆ ನಿಲ್ಲುವವನು ಖಾಲಿ ಟಾಕೀಸಿಗೆ ಹಾಡುತ್ತಾನೆಯೇ? ಒಳಗೆ ಚಿಕ್ಕರಾಜು ತೆರೆಯ ಕೆಳಗೆ ನಿಂತು ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಫೋನು ಹಿಡಿದಿದ್ದ. 'ಇಲ್ಲಿಂದ ಈ ಫೋನು ಅಲ್ಲಿ ಸ್ಟೇಜಿನ ಸ್ಪೀಕರಿಗೆ ಕನೆಕ್ಷನ್ ಐತೆ. ನೀವು ಚಪ್ಪಾಳೆ ಹೊಡುದ್ರೆ ಅಣ್ಣಂಗೆ ಕೇಳುಸ್ತದೆ, ಒನ್ಸ್ ಮೋರ್ ಅಂದ್ರೆ ಕೇಳುಸ್ತದೆ. ಗಟ್ಟಿಯಾಗ್ ಅನ್ನಿ, ನಾಚ್ಕೊಬೇಡಿ' ಎಂದ. ಜನ ಪರೀಕ್ಷೆಗೆ ಓ ಎಂದು ಕೂಗಿದರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಅದೇ ಓ ಬೆಂಗಳೂರಿಗೆ ಹೋಗಿ ತೆರೆಯೊಳಗಿಂದ ವಾಪಸ್ಸು ಬಂತು. ಟಾಕೀಸೆಲ್ಲ ನಕ್ಕಿತು. ವನಜಾಕ್ಷಿ ಮುಂದಿನ ಸಾಲಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಳು. ಹಿಂದಿನ ಸಾಲಿನಲ್ಲಿ ಕೈಲಾಂಚದ ಬೀರಯ್ಯ, ಕುರಿ ಕಾದು ಬಾಗಿದ ಮುದುಕ. 'ಏನವ್ವ, ನೀನಿಲ್ಲಿ? ಅಲ್ಲಿರೋಳು ಯಾರು ಮತ್ತೆ?' ಎಂದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ ಅದೇ ಕೈಲಾಂಚದಲ್ಲಿ, ಅದೇ ಬೀರಯ್ಯ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದ. ಮೂರನೆಯ ಸೀನಿನಲ್ಲಿ ಇವಳದೇ ಹಾಡು ಮುಗಿದಾಗ ಮೊದಲು ಒನ್ಸ್ ಮೋರ್ ಎಂದು ಕೂಗಿದವನೂ ಅವನೇ. ಒನ್ಸ್ ಮೋರ್ ಅಂದರೆ ಹಾಡಬೇಕು. ಜ್ವರವಿರಲಿ, ಗಂಟಲು ಕಟ್ಟಿರಲಿ, ಜನ ಕೇಳಿದ್ದನ್ನು ಕೊಡದೆ ಒಳಕ್ಕೆ ಹೋದವರು ಈ ಸೀಮೆಯಲ್ಲಿ ಮತ್ತೆ ಬಣ್ಣ ಹಚ್ಚುವ ಹಾಗಿಲ್ಲ. ಅವಳು ಉಸಿರು ಕೂಡಿಸಿಕೊಂಡು, ಹಾರ್ಮೋನಿಯಂ ಮೇಷ್ಟ್ರು ಮುನಿಶಾಮಯ್ಯನ ಕಡೆ ತಿರುಗುವಷ್ಟರಲ್ಲಿ ಕನಕರಾಜು ಪಕ್ಕದ ಪರದೆಯಿಂದ ಬಂದು ಕೈ ಎತ್ತಿಬಿಟ್ಟ. 'ಸಾಕು ಬುಡ್ರಪ್ಪೋ, ಅಜ್ಜಿಗೆ ಉಸುರು ಸಾಲಲ್ಲ. ಏನಾರ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೆ ಬತ್ತದೆ!' ಎಷ್ಟು ನಕ್ಕರು! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಬಜ್ಜಿ ಕರಿಯುತ್ತಿದ್ದವನು ಜಾಲರಿ ಕೈಯಲ್ಲಿ ಹಿಡಿದೇ ನಕ್ಕ. ಅವಳೂ ನಕ್ಕಳು. ಅದೇ, ಅದೇ ಈಗಲೂ ಹೊಟ್ಟೆಗೆ ಬೆಂಕಿ ಹಾಕುವುದು, ತಾನೂ ಅವರ ಜೊತೆ ಹಲ್ಲು ಬಿಟ್ಟು ನಕ್ಕು, ಅವನ ಹೆಂಡತಿಯ ಪಾರ್ಟಿನಲ್ಲೇ ತಲೆ ಬಾಗಿಸಿ ಒಳಗೆ ಹೋದದ್ದು. ಅದೇ ರಾತ್ರಿ ಕೊನೆಯ ಸೀನಿನಲ್ಲಿ ಅವನಿಗಾಗಿ ಆ ಸಾಲನ್ನೂ ಹಾಡಿದ್ದು.

ಆ ಸಾಲು. ತೆರೆಯ ಮೇಲೆ ನಾಟಕ ಶುರುವಾಗಿತ್ತು, ಆನೆ ಬಂದು ಕುರಿ ಕಾಯುವವನ ಕೊರಳಿಗೆ ಹಾರ ಹಾಕಿಯಾಗಿತ್ತು, ಕಂಬಳಿ ಹೊದ್ದವನು ದೊರೆಯಾಗಿ ಪಟ್ಟಕ್ಕೆ ಕೂತಾಗಿತ್ತು. ಜನ ಮಾತುಗಳನ್ನು ನಟರಿಗಿಂತ ಮುಂಚೆಯೇ ಹೇಳುತ್ತಿದ್ದರು. ಈ ಜಿಲ್ಲೆಯಲ್ಲಿ ಕಂಬಳಿ ದೊರೆ ಬಾಯಿಗೆ ಬಾರದವರು ಯಾರಿದ್ದಾರೆ? ವನಜಾಕ್ಷಿ ಮಾತ್ರ ಕೊನೆಯ ಸೀನಿಗೆ ಕಾಯುತ್ತಿದ್ದಳು. ಎಷ್ಟೋ ವರ್ಷ ಕಳೆದ ಮೇಲೆ ದೊರೆ ಕಿರೀಟದಲ್ಲೇ ತನ್ನ ಗುಡಿಸಲಿಗೆ ಬರುತ್ತಾನೆ. ಹೆಂಡತಿ ಗೌರಾಜಿ ಬಾಗಿಲು ತೆಗೆಯುವುದಿಲ್ಲ. ನನ್ನ ಗಂಡ ಕಂಬಳಿಯವನು, ಕಿರೀಟದವನು ಯಾರೋ ನಾನರಿಯೆ ಎನ್ನುತ್ತಾಳೆ. ಅವನು ಹೊರಗೆ ನಿಂತು ಹಾಡುತ್ತಾನೆ, 'ಊರಿಗೆ ದೊರೆಯೇ, ಮನೆಗೆ ನಾನ್ಯಾರೇ, ಬಾಗಿಲ ತೆಗೆಯೇ ಗೌರಾಜಿ'. ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿ, 'ದೊರೆತನ ಸಾಕೇ, ಗೌರಾಜೀ' ಎಂಬಲ್ಲಿ ಆ 'ಜೀ' ಮೇಲೆ ಹೋಗಿ ನಿಲ್ಲಬೇಕು, ನಿಂತೇ ಇರಬೇಕು, ಆಗ ಬಾಗಿಲು ತೆರೆಯಬೇಕು. ಕನಕರಾಜುವಿಗೆ ಅದು ಯಾವತ್ತೂ ಎಟುಕಲಿಲ್ಲ. ಮೊದಲ ವರ್ಷ ಮಾಗಡಿ ಹತ್ತಿರದ ಒಂದು ಹಳ್ಳಿಯಲ್ಲಿ ಅವನು ಜನಕ್ಕೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ, 'ಗೌರಾ' ಎಂದು ಏರಿಸಿ ಅಲ್ಲೇ ಸಿಕ್ಕಿಕೊಂಡ. ಬಾಗಿಲ ಹಿಂದೆ ಕತ್ತಲಲ್ಲಿ ನಿಂತಿದ್ದ ಇವಳು ಆ ಬಿದ್ದುಹೋಗುತ್ತಿದ್ದ ಸ್ವರವನ್ನು ಎತ್ತಿಕೊಂಡಳು. ಕನಿಕರದಿಂದಲ್ಲ, ಅರ್ಧಕ್ಕೆ ನಿಂತ ಸಾಲನ್ನು ಅವಳ ಕಿವಿ ತಡೆಯಲಾರದೆ. ಒಂದೇ ಗಂಟಲಿನಿಂದ ಬಂದಂತೆ ಕೂಡಿಹೋಯಿತು. ನಾಟಕ ಮುಗಿದ ಮೇಲೆ ಅವನು ಬಣ್ಣದ ಮನೆಗೆ ಬಂದು ಇವಳ ಎರಡು ಕೈ ಹಿಡಿದುಕೊಂಡು ಅತ್ತ. 'ಅಕ್ಕಾ, ಮಾನ ಉಳುಸ್ದೆ' ಎಂದ. ಮುಂದಿನ ವರ್ಷ ಅಳಲಿಲ್ಲ, ಬರೀ ತಲೆಯಾಡಿಸಿದ. ಅದರ ಮುಂದಿನ ವರ್ಷದಿಂದ ಅದೂ ಇಲ್ಲ. ಆಮೇಲಾಮೇಲೆ, ಆ ಸ್ವರ ಅಷ್ಟು ಮೇಲೆ ಹೇಗೆ ಹಿಡಿಯುತ್ತೀರಣ್ಣ ಎಂದು ಯಾರಾದರೂ ಕೇಳಿದರೆ, ಬೆಳಗಾಗೆದ್ದು ಮೆಣಸು ಅಗಿಯುತ್ತೇನೆ ಎಂದು ಇವಳ ಎದುರಿನಲ್ಲೇ ಹೇಳುತ್ತಿದ್ದ. ಇವಳ ಮುಖ ನೋಡಿ ಹೇಳುತ್ತಿದ್ದ! ಕಳ್ಳನ ಕಣ್ಣಲ್ಲ ಅದು, ನಿಜವಾಗಿ ನಂಬಿದವನ ಕಣ್ಣು. ಅವನು ಮರೆತೇಬಿಟ್ಟಿದ್ದ. ಇವಳಿಗೂ ಒಂದು ಸುಖವಿತ್ತು ಅನ್ನಿ, ಗಂಡಸಿನ ಬಾಯಿಂದ ಬರುವ ತನ್ನ ಹೆಸರನ್ನು ತಾನೇ ಕತ್ತಲಲ್ಲಿ ನಿಂತು ಕೂಗಿಕೊಳ್ಳುವುದು, ಅಷ್ಟು ಚೆನ್ನಾಗಿ ಯಾರೂ ಅವಳನ್ನು ಕರೆದಿರಲಿಲ್ಲ. ಆ ಸುಖಕ್ಕೇ ಬಾಯಿ ಮುಚ್ಚಿಕೊಂಡಿದ್ದೆನೇ ಎಂದು ಈಗ ಅನ್ನಿಸಿ, ತನ್ನ ಮೇಲೇ ಸಿಟ್ಟು ಬಂತು.

ಕೊನೆಯ ಸೀನು ಬಂತು. ಹಳ್ಳಿಯ ಸ್ಟೇಜಿನಲ್ಲಿ ಕಾಣುವುದು ಅವನ ಬೆನ್ನು, ಇಲ್ಲಿ ಒಂದು ಕ್ಯಾಮರಾ ಬಾಗಿಲ ಪಕ್ಕದಲ್ಲೇ ಇತ್ತು. ಟಾಕೀಸಿನ ಗೋಡೆಯಷ್ಟು ದೊಡ್ಡ ಮುಖ, ಮೀಸೆಯ ಅಂಟು, ಗಲ್ಲದ ಕೆಳಗೆ ಬೆವರಿಗೆ ಕರಗಿದ ಬಣ್ಣ. ಹಾಡು ನೋಡೋಣ ಮಗನೇ, ಎಂದುಕೊಂಡಳು ವನಜಾಕ್ಷಿ. ಅವನು ಹಾಡಿದ. ಮೊದಲ ಸಾಲಿಗೇ ಅವಳಿಗೆ ಮೋಸ ಗೊತ್ತಾಯಿತು, ಮುನಿಶಾಮಯ್ಯ ಶ್ರುತಿ ಇಳಿಸಿದ್ದ. ಆ ಸಾಲು ಬಂತು, ಗುಡ್ಡ ಹತ್ತಬೇಕಾದದ್ದು ದಿಣ್ಣೆ ಹತ್ತಿ ಇಳಿಯಿತು, ಬಾಗಿಲು ತೆರೆಯಿತು, ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಳು, ಟಾಕೀಸು ಚಪ್ಪಾಳೆ ಹೊಡೆಯಿತು. ಇಷ್ಟೇ! ಯಾರಿಗೂ ಏನೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಕೇಳಿದ ಕಿವಿಗಳಿಗೆ ಅದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾದರೆ ತಾನು ಆ ಕತ್ತಲಲ್ಲಿ ನಿಂತು ಮಾಡಿದ್ದೇನು? ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಬಂತು, 'ಒನ್ಸ್ ಮೋರ್!'

ಬೀರಯ್ಯ ಹಿಂದಿನಿಂದ ಅದನ್ನು ಹಿಡಿದುಕೊಂಡ, ಅವನ ಹಿಂದಿನವರು ಹಿಡಿದುಕೊಂಡರು, ಚಿಕ್ಕರಾಜು ಫೋನನ್ನು ಮೇಲೆತ್ತಿ ಕುಣಿದ. ತುಸು ಹೊತ್ತಿಗೆ ತೆರೆಯ ಮೇಲೆ ಕನಕರಾಜುವಿನ ಮುಖ ಅರಳಿತು. ನಮ್ಮ ರಾಮನಗರದವರು ಕೇಳುತ್ತಿದ್ದಾರೆ ಎಂದು ಅಲ್ಲಿನವರಿಗೆ ಕೈ ಮಾಡಿ ತೋರಿಸಿದ. ಹುಡುಗಿ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಮತ್ತೆ ಹಾಡಿದ, ಈ ಸಲ ಆಲಾಪ ಬೇರೆ ಸೇರಿಸಿ, ಕೈ ಬೀಸಿ. ಮುಗಿಯುವಷ್ಟರಲ್ಲಿ ವನಜಾಕ್ಷಿ ಮತ್ತೆ ಕೂಗಿದಳು. ಈಗ ಬೇಕೆಂದೇ ಕೂಗಿದಳು. ಗಂಟಲು ಅವಳಿಗೆ ಗೊತ್ತು, ಅವನ ಗಂಟಲು ಅವಳಿಗೆ ತನ್ನದಕ್ಕಿಂತ ಚೆನ್ನಾಗಿ ಗೊತ್ತು, ಎಲ್ಲಿ ಒರಟಾಗುತ್ತದೆ, ಎಲ್ಲಿ ಕೆಮ್ಮು ಹುಟ್ಟುತ್ತದೆ, ಎಷ್ಟು ಸಲಕ್ಕೆ ಹರಿಯುತ್ತದೆ. ಆಳುಗಳ ಬಸ್ಸಿನವರು ಅಣ್ಣನನ್ನು ಮೆಚ್ಚಿಸಲು ಅವಳಿಗಿಂತ ಜೋರಾಗಿ ಕೂಗಿದರು. ಪಾಪ, ಆ ಹುಡುಗಿ ಮೂರನೆಯ ಸಲ ಬಾಗಿಲು ಹಾಕಿಕೊಳ್ಳುವಾಗ ಸೀರೆ ತೊಡರಿ ಮುಗ್ಗರಿಸಿದಳು. ಅವಳೇನು ಮಾಡಿದ್ದಾಳೆ? ಕರೆದರು, ಬಂದಳು. ತಾನೂ ಹಾಗೇ ಕರೆದಲ್ಲಿಗೆ ಹೋದವಳಲ್ಲವೇ? ಒಂದು ಗಳಿಗೆ ವನಜಾಕ್ಷಿಗೆ ಕೆಡುಕೆನಿಸಿತು, ಬಾಗಿಲ ಹಿಂದಿನ ಸೆಕೆ, ಪೇಂಟಿನ ವಾಸನೆ, ಕಾಲ ಮೇಲೆ ಹರಿದಾಡುವ ಇರುವೆ ಎಲ್ಲ ನೆನಪಿಗೆ ಬಂದವು. ನಿಂತ್ಕೊ ತಾಯಿ, ಇನ್ನೊಂದೇ ಒಂದು ಸಲ, ಎಂದು ಮನಸ್ಸಿನಲ್ಲೇ ಅಂದು, ಬಾಯಲ್ಲಿ ಮತ್ತೆ ಒನ್ಸ್ ಮೋರ್ ಎಂದಳು. 'ಅಕ್ಕ, ಯಾಕಿಷ್ಟು ಕಿರುಚ್ತೀಯ? ಅಷ್ಟು ಚೆನ್ನಾಗೇನೂ ಇಲ್ವಲ್ಲ' ಎಂದು ತಾಹೇರಾ ತೋಳು ಹಿಡಿದಳು. ವನಜಾಕ್ಷಿ ತೋಳು ಕೊಡವಿಕೊಂಡಳು.

ನಾಲ್ಕನೆಯ ಸಲ ಮುನಿಶಾಮಯ್ಯನೂ ದಣಿದಿದ್ದನೋ, ಅಥವಾ ಅವನಿಗೂ ಒಳಗೆ ಏನೋ ಇತ್ತೋ, ಶ್ರುತಿ ಹಳೆಯ ಜಾಗಕ್ಕೇ ಏರಿತ್ತು. 'ದೊರೆತನ ಸಾಕೇ' ಎಂದ ಕನಕರಾಜು. 'ಗೌರಾ' ಎಂದ. ಆಮೇಲೆ ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ. ಹಿಟ್ಟಿನ ಗಿರಣಿಯ ಬೆಲ್ಟು ಜಾರಿದಂತೆ ಗೊರ್ ಎಂದು ಒಂದು ಶಬ್ದ, ಅಷ್ಟೇ. ಕ್ಯಾಮರಾ ಸರಿಯಲಿಲ್ಲ. ಅಷ್ಟು ದೊಡ್ಡ ಮುಖ, ಅಷ್ಟು ದೊಡ್ಡ ಬಾಯಿ, ಕೊರಳಿನ ನರಗಳು, ಕಣ್ಣು. ಕಣ್ಣು ಬಾಗಿಲ ಮೇಲಿತ್ತು. ಆ ಕಣ್ಣಿನ ನೋಟವನ್ನು ಅವಳು ಯಾವತ್ತೂ ನೋಡಿರಲಿಲ್ಲ, ಅವಳು ಯಾವಾಗಲೂ ಬಾಗಿಲ ಆಚೆ ಇದ್ದವಳು. ಕೊಡು ಎಂದು ಕೇಳುವ ನೋಟ. ಸಾಲು ಅವಳ ಎದೆಯಿಂದ ಎದ್ದು ಗಂಟಲಿಗೆ ಬಂದು ನಿಂತಿತು, ಕಾಲ್ಬೆರಳುಗಳು ತಾವಾಗೇ ನೆಲವನ್ನು ಒತ್ತಿದವು. ಈಗ ಹಾಡಿದರೆ ಈ ಟಾಕೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅವನಿಗೂ ಆ ಸಾಲು ಸಿಕ್ಕಿಬಿಡುತ್ತದೆ. ಅವಳು ಸೆರಗನ್ನು ಮುದುರಿ ಬಾಯಿಗೆ ತುರುಕಿಕೊಂಡಳು. ನಿಲ್ಲು, ಹಾಗೇ ಬಾಯಿ ಬಿಟ್ಟುಕೊಂಡು ನಿಲ್ಲು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. 'ಗಂಟ್ಲು ಕಟ್ಕೊತು ಕಣ್ಲಾ!' ಎಂದು ಇನ್ಯಾರೋ. ನಗು ಸಾಲಿನಿಂದ ಸಾಲಿಗೆ ಬಂತು. ಅವಳ ಹೊಟ್ಟೆ ತಣ್ಣಗಾಯಿತು.

ಆದರೆ ಕನಕರಾಜು ಅಷ್ಟಕ್ಕೆ ಬೀಳುವ ಮನುಷ್ಯನೇ? ಹುಡುಗಿ ತಾನಾಗೇ ಬಾಗಿಲು ತೆರೆದು ಈಚೆ ಬಂದಿದ್ದಳು. ಅವನು ಒಂದು ಲೋಟ ನೀರು ಕುಡಿದು, ಕಿರೀಟ ಸರಿಮಾಡಿಕೊಂಡು, ಮೈಕು ಹಿಡಿದು ನಕ್ಕ. 'ನನ್ ರಾಮನಗರದ ಬಂಧುಗಳೇ, ತಪ್ಪು ತಿಳ್ಕೋಬ್ಯಾಡಿ. ಮೊದ್ಲು ನಮ್ ಜೊತೆ ಒಬ್ರು ವಯಸ್ಸಾದ ಅಮ್ಮ ಗೌರಾಜಿ ಪಾರ್ಟ್ ಮಾಡ್ತಿದ್ರು. ಅವ್ರ ಕೀರಲು ಶ್ರುತಿಗೆ ಹಾಡಿ ಹಾಡೀನೇ ನನ್ ಗಂಟ್ಲು ಹಿಂಗಾಗಿರೋದು. ಅಲ್ಲೇ ಕುಂತವ್ರೆ ನೋಡಿ ಮುಂದ್ಲ ಸಾಲಲ್ಲಿ, ಬೇಕಾದ್ರೆ ಕೇಳಿ!' ಬೆಂಗಳೂರು ನಕ್ಕಿತು, ರಾಮನಗರ ನಕ್ಕಿತು. ಇಷ್ಟು ಹೊತ್ತು ಅವನನ್ನು ನೋಡಿ ನಕ್ಕ ಬಾಯಿಗಳೇ ಈಗ ಇವಳ ಕಡೆ ಕತ್ತು ಉದ್ದ ಮಾಡಿಕೊಂಡು ನಕ್ಕವು. ತಾಹೇರಾ ಮಾತ್ರ ನಗಲಿಲ್ಲ. 'ನಿನ್ನೇನಾ ಅಕ್ಕ ಅನ್ನೋದು?' ಎಂದಳು. ವನಜಾಕ್ಷಿ ಈ ಸಲ ನಗಲಿಲ್ಲ. ಚಿಕ್ಕರಾಜು ಫೋನು ಹಿಡಿದುಕೊಂಡು ಬಂದು ಮುಂದೆ ಬಗ್ಗಿದ. 'ಅಣ್ಣ ತಮಾಷೆಗ್ ಅಂದ್ರು ಕಣಕ್ಕ, ಬೇಜಾರ್ ಮಾಡ್ಕೋಬ್ಯಾಡ. ಅಣ್ಣಂಗೆ ಒಂದ್ ಮಾತು ಒಳ್ಳೇದಾಗ್ಲಿ ಅಂದ್ಬುಡು.' 'ಕೊಡಿಲ್ಲಿ' ಎಂದಳು.

ಫೋನು ಅವನ ಅಂಗೈ ಬೆವರಿಗೆ ಒದ್ದೆಯಾಗಿತ್ತು. ಅವಳು ಎರಡು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು. ಬೈಯಬೇಕು ಎಂದೇ ಎದ್ದದ್ದು, ನಿನ್ನ ಬಾಯಿಗೆ ಹುಳ ಬೀಳ ಎನ್ನಬೇಕು, ಮೆಣಸು ಅಗಿಯುತ್ತೀಯೇನೋ ಎನ್ನಬೇಕು. ಆದರೆ ಬೈಗುಳಕ್ಕೆ ಅವನು ಅಲ್ಲಿ ಇನ್ನೊಂದು ನಗೆ ನಗುತ್ತಾನೆ. ಅವಳು ಕಣ್ಣು ಮುಚ್ಚಿದಳು. ಉಸಿರು ಸಾಲದೇ ಹೋದರೆ? ಒಂದು ವರ್ಷದಿಂದ ಆ ಜಾಗಕ್ಕೆ ಹೋಗಿಲ್ಲ. ರವಿಕೆ ಹೊಲಿಯುತ್ತಾ ಬಾಯಲ್ಲಿ ಸೂಜಿ ಕಚ್ಚಿಕೊಂಡು ಗುನುಗಿದ್ದು ಬಿಟ್ಟರೆ ಬಾಯಿ ಬಿಟ್ಟು ಹಾಡಿಲ್ಲ. ಹರಿದರೆ ಅವನು ಹೇಳಿದ್ದೇ ನಿಜವಾಗುತ್ತದೆ, ಅಜ್ಜಿ, ಕೀರಲು, ಎಲ್ಲ. ಹಾಳಾಗಿ ಹೋಗಲಿ ಎಂದುಕೊಂಡು, ಕೆಳಗಿನ ಸ್ವರಗಳ ಗೋಜಿಗೆ ಹೋಗದೆ, ನೇರವಾಗಿ ಅವನು ಬಿಟ್ಟ ಜಾಗದಿಂದಲೇ ಎತ್ತಿಕೊಂಡಳು. 'ಗೌರಾಜೀ...' ಶುರುವಿನಲ್ಲಿ ಸ್ವಲ್ಪ ಒಡೆಯಿತು. ಒಡೆದದ್ದು ಕೂಡಿಕೊಂಡಿತು. ಮೇಲೆ ಹೋಯಿತು, ನಿಂತಿತು. ಟಾಕೀಸಿನ ನಗು ಎಲ್ಲಿ ನಿಂತಿತೋ ಅವಳಿಗೆ ತಿಳಿಯಲಿಲ್ಲ. ಉಸಿರು ಪೂರ್ತಿ ಬರಿದಾಗುವವರೆಗೆ ಹಿಡಿದು, ಮುಗಿಸಿ, ಕಣ್ಣು ತೆರೆದಳು. ತೆರೆಯ ಮೇಲೆ ಕನಕರಾಜು ಇನ್ನೂ ನಗುತ್ತಲೇ ಇದ್ದ, ಪಕ್ಕದ ಹುಡುಗಿಗೆ ಏನೋ ಹೇಳಿ ಹೆಗಲು ಕುಣಿಸುತ್ತಿದ್ದ.

ಆಮೇಲೆ ಅದು ಅಲ್ಲಿಗೆ ಮುಟ್ಟಿತು. ಅವಳ ಬಾಯಿ ಮುಚ್ಚಿತ್ತು, ಅವಳ ದನಿ ತೆರೆಯೊಳಗಿಂದ ಬಂತು. ಒಡೆದದ್ದು, ಕೂಡಿದ್ದು, ಏರಿದ್ದು, ಎಲ್ಲ ಬಂತು. ಕನಕರಾಜುವಿನ ನಗು ಮುಖದ ಮೇಲೇ ಸತ್ತಿತು. ಮುನಿಶಾಮಯ್ಯ ತಲೆ ಎತ್ತಿದ, ಅವನ ಬೆರಳು ಆ ಸ್ವರವನ್ನು ಹುಡುಕಿ ಒತ್ತಿ ಹಿಡಿಯಿತು. 'ಇದೇ ಕಣ್ರಪ್ಪ, ಇದೇ ದನಿ! ಅವನ್ದಲ್ಲ, ಇವಳ್ದು!' ಎಂದು ಬೀರಯ್ಯ ಹಿಂದಿನಿಂದ ಕಿರುಚಿದ. ತೆರೆಯ ಮೇಲೆ ಹುಡುಗಿ ಕನಕರಾಜುವಿನ ಮುಖವನ್ನು ನೋಡುತ್ತಾ ಒಂದು ಹೆಜ್ಜೆ ದೂರ ಸರಿದಳು. ಅವನು ಅವಳನ್ನು ನೋಡಲಿಲ್ಲ, ಜನವನ್ನೂ ನೋಡಲಿಲ್ಲ. ಆ ದನಿ ಬಂದ ತಕ್ಷಣ, ಇಪ್ಪತ್ತು ವರ್ಷ ತಿರುಗಿದ ಹಾಗೆಯೇ, ತೆರೆದು ಖಾಲಿ ನಿಂತಿದ್ದ ಆ ಬಾಗಿಲ ಕಡೆಗೆ ತಿರುಗಿಬಿಟ್ಟಿದ್ದ. ಎಲ್ಲರೂ ನೋಡುತ್ತಿದ್ದರು, ಅಲ್ಲಿಯೂ, ಇಲ್ಲಿಯೂ. ಚಿಕ್ಕರಾಜು ಫೋನಿಗೆ ಕೈ ಚಾಚಿ 'ಅಕ್ಕಾ, ಕೊಡಕ್ಕ, ನನ್ ಕೆಲ್ಸ ಹೋಯ್ತದೆ' ಎಂದ. ಅವಳು ಕೊಡಲಿಲ್ಲ. ಅವಳಿಗೆ ಕನಿಕರ ಬರಲಿಲ್ಲ, ಬರುತ್ತದೇನೋ ಎಂದು ಒಂದು ಗಳಿಗೆ ನೋಡಿದಳು, ಬರಲಿಲ್ಲ. ಫೋನನ್ನು ಮತ್ತೆ ಬಾಯ ಹತ್ತಿರ ತಂದುಕೊಂಡಳು.

'ನಾನಲ್ಲಿಲ್ಲ ಕಣೋ ಕನಕರಾಜು' ಎಂದಳು, ಮೆಲ್ಲಗೆ, ಮನೆಯಲ್ಲಿ ಮಾತಾಡುವ ಹಾಗೆ. 'ಇತ್ಲಾಗ್ ತಿರುಗು.'

ಅದು ಅವನಿಗೆ ಮುಟ್ಟಲು ಇನ್ನೂ ಒಂದು ಉಸಿರಿನಷ್ಟು ಹೊತ್ತಿತ್ತು. ಅವಳು ಕಣ್ಣು ಮಿಟುಕಿಸದೆ ಕಾದಳು.